ಉಸಿರೆಣಿಕೆಯ ಕಥೆ: ಮಕ್ಕಳ ನ್ಯುಮೋನಿಯಾ ಮತ್ತು ವೈದ್ಯರ ತಿಳಿವಳಿಕೆ

ಈ ಪುಟವನ್ನು ಓದುವ ಮುನ್ನ ಒಂದು ಸಣ್ಣ ಕೆಲಸ ಮಾಡಿ. ಸೆಕೆಂಡಿನ ಮುಳ್ಳಿರುವ ಗಡಿಯಾರವೊಂದನ್ನು ಎದುರಿಗೆ ಇಟ್ಟುಕೊಂಡು, ಪೂರ್ತಿ ಒಂದು ನಿಮಿಷದಲ್ಲಿ ನಿಮ್ಮ ಎದೆ ಎಷ್ಟು ಬಾರಿ ಏರಿ ಇಳಿಯುತ್ತದೆ ಎಂದು ಎಣಿಸಿ. ಸುಮ್ಮನೆ ಕುಳಿತಿರುವ ಕಾಲೇಜು ವಿದ್ಯಾರ್ಥಿಯಲ್ಲಿ ಈ ಸಂಖ್ಯೆ ಸಾಮಾನ್ಯವಾಗಿ 12ರಿಂದ 20ರ ಒಳಗೆ ಇರುತ್ತದೆ. ಮನೆಯಲ್ಲಿ ಆರೇಳು ತಿಂಗಳ ಕೂಸಿದ್ದರೆ ಅದು ಮಲಗಿರುವಾಗ ಅದರ ಉಸಿರನ್ನೂ ಎಣಿಸಿ ನೋಡಿ. ನಿಮ್ಮದಕ್ಕಿಂತ ಬಹಳ ಹೆಚ್ಚಿರುತ್ತದೆ. ಗಾಬರಿ ಬೇಡ, ಕೂಸುಗಳ ಉಸಿರಾಟವೇ ಹಾಗೆ. ಆದರೆ ಕೆಮ್ಮುತ್ತಿರುವ ಅಂಥ ಕೂಸಿನ ಎಣಿಕೆ 50ನ್ನು ಮುಟ್ಟಿದರೆ ಅದಕ್ಕೆ ನ್ಯುಮೋನಿಯಾ ಇದೆ ಎಂದೇ ತಿಳಿದು ಚಿಕಿತ್ಸೆ ಆರಂಭಿಸಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ.

ಒಂದು ಗಡಿಯಾರ, ಎರಡು ಕಣ್ಣು, ಒಂದು ನಿಮಿಷ. ಇಷ್ಟು ಸರಳವಾದ ನಿಯಮವೊಂದು ರೂಪುಗೊಳ್ಳಲು 1980ರ ದಶಕದವರೆಗೆ ಕಾಯಬೇಕಾಯಿತು. ರೂಪುಗೊಂಡ ಮೇಲೂ ಅದು ಹಳ್ಳಿಯ ಆರೋಗ್ಯ ಕಾರ್ಯಕರ್ತೆಗೆ ಒಗ್ಗಿದಷ್ಟು ಸುಲಭವಾಗಿ ಪದವೀಧರ ವೈದ್ಯರಿಗೆ ಒಗ್ಗಲಿಲ್ಲ. ಏಕೆ ಹೀಗಾಯಿತು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ರೋಗದ ವಿಷಯ. ನಮ್ಮ ಶ್ವಾಸಕೋಶದಲ್ಲಿ ದ್ರಾಕ್ಷಿ ಗೊಂಚಲಿನಂತೆ ಜೋಡಿಸಿಕೊಂಡಿರುವ ಕೋಟ್ಯಂತರ ಗಾಳಿಚೀಲಗಳಿವೆ. ಬ್ಯಾಕ್ಟೀರಿಯಾ ಅಥವಾ ವೈರಸ್ಸುಗಳ ಸೋಂಕಿನಿಂದ ಈ ಚೀಲಗಳಲ್ಲಿ ಗಾಳಿಯ ಬದಲು ಕೀವು, ದ್ರವ ತುಂಬಿಕೊಳ್ಳುವುದೇ ನ್ಯುಮೋನಿಯಾ. ರಕ್ತಕ್ಕೆ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ದೇಹ ಅದನ್ನು ತುಂಬಿಕೊಳ್ಳಲು ಉಸಿರಾಟದ ವೇಗವನ್ನು ಹೆಚ್ಚಿಸುತ್ತದೆ. ರೋಗ ಬಲಿತಂತೆ ಶ್ವಾಸಕೋಶ ಬಿರುಸಾಗುತ್ತದೆ. ಆಗ ಮಗು ಉಸಿರನ್ನು ಒಳಗೆ ಎಳೆದುಕೊಂಡಾಗ ಉಬ್ಬಬೇಕಾದ ಎದೆಯ ಕೆಳಭಾಗ ಒಳಕ್ಕೆ ಕುಸಿಯುತ್ತದೆ. ಪಕ್ಕೆ ಒಳಕ್ಕೆ ಎಳೆಯುತ್ತಿದೆ ಎಂದು ನಮ್ಮ ಅಜ್ಜಿಯರು ಹೇಳುವುದು ಇದನ್ನೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಐದು ವರ್ಷದೊಳಗಿನ 7,40,180 ಮಕ್ಕಳು ಈ ರೋಗದಿಂದ ಸತ್ತರು. ಆ ವಯಸ್ಸಿನ ಮಕ್ಕಳ ಒಟ್ಟು ಸಾವುಗಳಲ್ಲಿ ಇದು ನೂರಕ್ಕೆ 14. ಇವರಲ್ಲಿ ಬಹುಪಾಲು ಮಕ್ಕಳಿಗೆ ಬೇಕಾಗಿದ್ದದ್ದು ಕೆಲವೇ ರೂಪಾಯಿಗಳ ಔಷಧಿ, ಅದೂ ಸಕಾಲದಲ್ಲಿ.

ಈ ರೋಗವನ್ನು ವೈದ್ಯರು ಹಿಂದೆ ಹೇಗೆ ಗುರುತಿಸುತ್ತಿದ್ದರು? 1816ರಲ್ಲಿ ಪ್ಯಾರಿಸ್ಸಿನ ನೆಕರ್ ಆಸ್ಪತ್ರೆಯಲ್ಲಿ ರೆನೆ ಲೆನೆಕ್ ಎಂಬ ವೈದ್ಯ, ಯುವತಿಯೊಬ್ಬಳ ಎದೆಗೆ ನೇರವಾಗಿ ಕಿವಿಯಿಡಲು ಸಂಕೋಚಪಟ್ಟು ಕಾಗದವನ್ನು ಕೊಳವೆಯಂತೆ ಸುತ್ತಿ ಆಲಿಸಿದ. ಸ್ಟೆತಾಸ್ಕೋಪು ಹುಟ್ಟಿದ್ದು ಹಾಗೆ. 1819ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ನ್ಯುಮೋನಿಯಾ ಹಿಡಿದ ಎದೆಯ ಚರಚರ ಸದ್ದನ್ನು ಕಾದ ಪಾತ್ರೆಯಲ್ಲಿ ಸಿಡಿಯುವ ಉಪ್ಪಿನ ಸದ್ದಿಗೆ ಹೋಲಿಸಿದ್ದಾನೆ. ಅಲ್ಲಿಂದ ಮುಂದೆ ಕಿವಿಯೇ ವೈದ್ಯನ ಮುಖ್ಯ ಇಂದ್ರಿಯವಾಯಿತು, ಕೊರಳಲ್ಲಿ ತೂಗುವ ಆ ಕೊಳವೆಯೇ ಅವನ ಗುರುತಾಯಿತು. 20ನೆಯ ಶತಮಾನದಲ್ಲಿ ಎಕ್ಸ್-ರೇ ಅದಕ್ಕೆ ಜೊತೆಯಾಯಿತು.

ದೊಡ್ಡವರಿಗೆ ಇದು ಸರಿ. ಆದರೆ ಹತ್ತು ತಿಂಗಳ ಮಗುವಿನ ಎದೆಗೆ ತಣ್ಣನೆಯ ಸ್ಟೆತಾಸ್ಕೋಪು ಇಟ್ಟು ನೋಡಿ! ಮೊದಲು ಕೇಳುವುದು ಅಳು. ಅಳು ನಿಂತ ಮೇಲೂ ತೆಳುವಾದ ಆ ಎದೆಗೂಡಿನಲ್ಲಿ ಗಂಟಲಿನ ಗೊರಗೊರ ಸದ್ದು ಎಲ್ಲೆಡೆ ಕೇಳಿಸುತ್ತದೆ. ಒಂದೇ ಮಗುವಿನ ಎದೆಯನ್ನು ಆಲಿಸಿದ ಇಬ್ಬರು ಅನುಭವಿ ವೈದ್ಯರು ಬೇರೆ ಬೇರೆ ತೀರ್ಮಾನಕ್ಕೆ ಬರುವುದು ಅಪರೂಪವಲ್ಲ. ಇನ್ನು ಎಕ್ಸ್-ರೇ ಯಂತ್ರವಾಗಲಿ, ವೈದ್ಯರಾಗಲಿ ಇಲ್ಲದ ಊರುಗಳ ಗತಿಯೇನು?

ಆ ಪ್ರಶ್ನೆಗೆ ಉತ್ತರ ಬಂದದ್ದು ನಾವು ಯಾರೂ ನಿರೀಕ್ಷಿಸದ ಒಂದು ಕಡೆಯಿಂದ. ಆಸ್ಟ್ರೇಲಿಯಾದ ಉತ್ತರಕ್ಕೆ ಪಪುವಾ ನ್ಯೂಗಿನಿ ಎಂಬ ದೇಶವಿದೆ. 1975ರಲ್ಲಿ ಸ್ವತಂತ್ರವಾದ ಈ ದೇಶದಲ್ಲಿ 800ಕ್ಕೂ ಹೆಚ್ಚು ಭಾಷೆಗಳು, ದಟ್ಟ ಕಾಡು, ಕಡಿದಾದ ಬೆಟ್ಟಗಳು. ಗೊರೋಕಾ ಎಂಬ ಪಟ್ಟಣ ಆ ಬೆಟ್ಟಸೀಮೆಯಲ್ಲಿದೆ. ರಾಜಧಾನಿಯಿಂದ ಅಲ್ಲಿಗೆ ರಸ್ತೆಯೇ ಇರಲಿಲ್ಲ. ಮಕ್ಕಳ ಸಾವಿಗೆ ಅಲ್ಲಿ ಮುಖ್ಯ ಕಾರಣ ನ್ಯುಮೋನಿಯಾ. ವೈದ್ಯರು ಬೆರಳೆಣಿಕೆಯಷ್ಟು. ಚಿಕಿತ್ಸೆ ಕೊಡುತ್ತಿದ್ದವರು ದಾದಿಯರು ಮತ್ತು ಅಲ್ಪ ತರಬೇತಿ ಪಡೆದ ಹಳ್ಳಿಯ ಸಹಾಯಕರು. ಜಾನ್ ಬಿಡಲ್ಫ್ ಮೊದಲಾದ ಮಕ್ಕಳ ವೈದ್ಯರು ಇಂಥವರಿಗಾಗಿ ಜೇಬಿನಲ್ಲಿ ಹಿಡಿಯುವಂಥ ಪುಟ್ಟ ಪುಸ್ತಕವೊಂದನ್ನು ಸಿದ್ಧಪಡಿಸಿದರು. ಇಂಥ ಲಕ್ಷಣಕ್ಕೆ ಇಂಥ ಔಷಧಿ, ಇಷ್ಟು ತೂಕದ ಮಗುವಿಗೆ ಇಷ್ಟು, ಇಷ್ಟು ದಿನ. ಈ ಪುಸ್ತಕದ ವಿಶೇಷವೆಂದರೆ ಅದು ದಾದಿಗೂ ವೈದ್ಯನಿಗೂ ಒಂದೇ ಆಗಿತ್ತು. ವೈದ್ಯನಿಗೆ ಬೇರೆ ದೊಡ್ಡ ಪುಸ್ತಕ, ದಾದಿಗೆ ಬೇರೆ ಸಣ್ಣ ಪುಸ್ತಕ ಎಂಬ ಭೇದ ಇರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗೊರೋಕಾದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಆಸ್ಟ್ರೇಲಿಯಾದ ಮಕ್ಕಳ ವೈದ್ಯ ಫ್ರಾಂಕ್ ಶಾನ್, ಕೆಮ್ಮಿನಿಂದ ಬಂದ ಮಕ್ಕಳಲ್ಲಿ ಯಾರಿಗೆ ಔಷಧಿ ಬೇಕು, ಯಾರನ್ನು ದಾಖಲಿಸಬೇಕು ಎಂಬುದನ್ನು ಬರಿಗಣ್ಣಿನಿಂದ ಹೇಳಲು ಸಾಧ್ಯವೇ ಎಂದು ಪರೀಕ್ಷಿಸಿದರು. ಅವರೂ ಅವರ ಸಂಗಡಿಗರೂ 1984ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದ ಸಾರ ಇಷ್ಟು: ನಿಮಿಷಕ್ಕೆ 50ಕ್ಕಿಂತ ಹೆಚ್ಚು ಉಸಿರಿದ್ದರೆ ಆಂಟಿಬಯಾಟಿಕ್ ಕೊಡಿ; ಎದೆ ಒಳಕ್ಕೆ ಸೆಳೆಯುತ್ತಿದ್ದರೆ ಆಸ್ಪತ್ರೆಗೆ ಸೇರಿಸಿ. ಇಂಥ ಮಕ್ಕಳ ಶ್ವಾಸಕೋಶದಿಂದ ತೆಗೆದ ದ್ರವವನ್ನು ಪರೀಕ್ಷಿಸಿ, ನ್ಯುಮೋಕಾಕಸ್ ಮತ್ತು ಹೀಮೋಫಿಲಸ್ ಇನ್‌ಫ್ಲುಯೆಂಜೆ ಎಂಬ ಎರಡು ಬ್ಯಾಕ್ಟೀರಿಯಾಗಳೇ ಪ್ರಧಾನ ಕಾರಣ ಎಂಬುದನ್ನೂ ಅವರು ತೋರಿಸಿದರು. ಹಾಗಾಗಿ ಅಗ್ಗದ ಔಷಧಿಯಿಂದ ಪ್ರಯೋಜನವಾಗುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿತು. ಈ ಎರಡಕ್ಕೂ ಇಂದು ಲಸಿಕೆಗಳಿವೆ. ನ್ಯುಮೋಕಾಕಸ್ ಲಸಿಕೆ ನಮ್ಮ ದೇಶದ ಸಾರ್ವತ್ರಿಕ ಕಾರ್ಯಕ್ರಮವನ್ನು 2017ರಲ್ಲಿ ಕೆಲವು ರಾಜ್ಯಗಳಲ್ಲಿ ಪ್ರವೇಶಿಸಿ, 2021ರಲ್ಲಿ ದೇಶವ್ಯಾಪಿಯಾಯಿತು.

ಕಥೆಯ ಮುಂದಿನ ಭಾಗ ಭಾರತದ್ದು. ಎಲ್ಲ ವಯಸ್ಸಿನ ಮಕ್ಕಳಿಗೂ 50 ಎಂಬ ಒಂದೇ ಗೆರೆ ಸಾಲದು ಎಂದು ತೋರಿಸಿದ್ದು ನಮ್ಮ ಕೋಲಾರದಿಂದ ಹೆಚ್ಚು ದೂರವಿಲ್ಲದ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ತಂಡ. ಚೆರಿಯನ್, ಜೇಕಬ್ ಜಾನ್, ಸ್ಟೈನ್‌ಹಾಫ್ ಮೊದಲಾದವರು 1988ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದದ್ದೇನೆಂದರೆ, ಒಂದು ವರ್ಷದೊಳಗಿನ ಕೂಸಿಗೆ 50 ಸರಿ, ಆದರೆ ಅದಕ್ಕಿಂತ ದೊಡ್ಡ ಮಗುವಿಗೆ ಗೆರೆಯನ್ನು 40ಕ್ಕೆ ಇಳಿಸಬೇಕು. ಇಲ್ಲವಾದರೆ ರೋಗವಿರುವ ಎಷ್ಟೋ ಮಕ್ಕಳು ನಮ್ಮ ಕಣ್ಣು ತಪ್ಪಿಸಿ ಹೋಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಕೊನೆಗೆ ನೆಲೆಗೊಳಿಸಿದ ಲೆಕ್ಕ ಹೀಗಿದೆ: ಎರಡು ತಿಂಗಳೊಳಗಿನ ಶಿಶುವಿಗೆ 60, ಎರಡು ತಿಂಗಳಿನಿಂದ ವರ್ಷ ತುಂಬುವವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಈ ಸಂಖ್ಯೆಯನ್ನು ಮುಟ್ಟಿದರೆ ಅಥವಾ ದಾಟಿದರೆ ಅದು ವೇಗದ ಉಸಿರಾಟ.

ಅದೇ ವರ್ಷ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಇನ್ನೂ ದಿಟ್ಟವಾದ ಪ್ರಯೋಗವೊಂದು ಆರಂಭವಾಯಿತು. ಅಭಯ್ ಬಂಗ್ ಮತ್ತು ರಾಣಿ ಬಂಗ್ ಎಂಬ ವೈದ್ಯ ದಂಪತಿ 58 ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತರಿಗೂ ಸೂಲಗಿತ್ತಿಯರಿಗೂ ಉಸಿರೆಣಿಸುವುದನ್ನು ಕಲಿಸಿ, ಕೋಟ್ರೈಮಾಕ್ಸಜೋಲ್ ಎಂಬ ಔಷಧಿಯನ್ನು ಅವರ ಕೈಗೇ ಕೊಟ್ಟರು. ಹೋಲಿಕೆಗೆಂದು ಬೇರೆ 44 ಹಳ್ಳಿಗಳನ್ನು ಇಟ್ಟುಕೊಂಡರು. 1990ರಲ್ಲಿ ಪ್ರಕಟವಾದ ಫಲಿತಾಂಶ ಕಣ್ಣು ತೆರೆಸುವಂಥದು. ಚಿಕಿತ್ಸೆ ದೊರೆತ 612 ನ್ಯುಮೋನಿಯಾ ಪ್ರಕರಣಗಳಲ್ಲಿ ಸತ್ತವರು ನೂರಕ್ಕೆ 0.8 ಮಾತ್ರ, ಹೋಲಿಕೆಯ ಹಳ್ಳಿಗಳಲ್ಲಿ ಅದು ನೂರಕ್ಕೆ 13.5. ನ್ಯುಮೋನಿಯಾದಿಂದ ಆಗುವ ಮಕ್ಕಳ ಸಾವಿನ ಪ್ರಮಾಣ ಪ್ರಯೋಗದ ಹಳ್ಳಿಗಳಲ್ಲಿ ಅರ್ಧಕ್ಕೂ ಕಡಿಮೆಯಿತ್ತು.

ಓದು ಬರಹ ಬಾರದ, ಐವತ್ತರವರೆಗೆ ತಪ್ಪಿಲ್ಲದೆ ಎಣಿಸಲಾಗದ ಸೂಲಗಿತ್ತಿ ಉಸಿರನ್ನು ಎಣಿಸುವುದಾದರೂ ಹೇಗೆ? ಬಂಗ್ ದಂಪತಿ ಅದಕ್ಕೊಂದು ಸಾಧನ ರೂಪಿಸಿದರು. ಒಂದು ನಿಮಿಷದಲ್ಲಿ ಮರಳು ಸುರಿದು ಮುಗಿಯುವ ಪುಟ್ಟ ಮರಳು ಗಡಿಯಾರ, ಅದರ ಪಕ್ಕದಲ್ಲಿ ಮಣಿಗಳ ಸಾಲು. ಹತ್ತು ಉಸಿರಿಗೆ ಒಂದು ಮಣಿ ಸರಿಸಬೇಕು. ಮರಳು ಮುಗಿಯುವುದರೊಳಗೆ ಕೆಂಪು ಮಣಿಯ ಸರದಿ ಬಂದರೆ ಅದು ನ್ಯುಮೋನಿಯಾ. ನನ್ನ ಮಟ್ಟಿಗೆ ಇದು ಸ್ಟೆತಾಸ್ಕೋಪಿಗಿಂತ ಕಡಿಮೆಯ ಆವಿಷ್ಕಾರವೇನಲ್ಲ.

ಇಲ್ಲಿಯವರೆಗೆ ಗೆಲುವಿನ ಕಥೆ. ಹಳ್ಳಿಯ ಸೂಲಗಿತ್ತಿ ಮಾಡಬಲ್ಲ ಕೆಲಸವನ್ನು ಐದೂವರೆ ವರ್ಷ ವೈದ್ಯಕೀಯ ಓದಿದವರು ಇನ್ನೂ ಚೆನ್ನಾಗಿ ಮಾಡಿಯಾರು ಎಂದು ನೀವು ಊಹಿಸುತ್ತೀರಿ. 1990ರ ದಶಕದ ಯೋಜಕರೂ ಹಾಗೆಯೇ ಊಹಿಸಿದ್ದರೇನೋ. ಭಾರತದಲ್ಲಿ 1992ರಲ್ಲಿ ಆರಂಭವಾದ ಶಿಶು ಜೀವರಕ್ಷಣೆ ಮತ್ತು ಸುರಕ್ಷಿತ ತಾಯ್ತನ ಕಾರ್ಯಕ್ರಮದ ಅಡಿಯಲ್ಲಿ ಉಪಕೇಂದ್ರಗಳಿಗೆ ಕೋಟ್ರೈಮಾಕ್ಸಜೋಲ್ ಮಾತ್ರೆಗಳು ಹೋದವು, ದಾದಿಯರಿಗೆ ತರಬೇತಿ ಸಿಕ್ಕಿತು. ತರಬೇತಿಯ ಭಾರವೆಲ್ಲ ಕೆಳಹಂತದ ಸಿಬ್ಬಂದಿಯ ಮೇಲೆ. ವೈದ್ಯರಿಗೆ ಹೇಗೂ ಗೊತ್ತಿರುತ್ತದಲ್ಲ!

2001ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಸಮೀಕ್ಷೆಯೊಂದು ಈ ನಂಬಿಕೆಯನ್ನು ಅಲುಗಾಡಿಸಿತು. ಬಾಂಗ್ಲಾದೇಶ, ಇಂಡೊನೇಷ್ಯಾ, ಇಥಿಯೋಪಿಯಾ, ತಾಂಜಾನಿಯಾ ಮುಂತಾದ 7 ದೇಶಗಳ 21 ಆಸ್ಪತ್ರೆಗಳಿಗೆ ತಜ್ಞರ ತಂಡಗಳು ಹೋಗಿ, ತೀವ್ರವಾಗಿ ಕಾಯಿಲೆಬಿದ್ದ ಮಕ್ಕಳನ್ನು ಹೇಗೆ ನೋಡಿಕೊಳ್ಳಲಾಗುತ್ತದೆ ಎಂದು ಪಕ್ಕದಲ್ಲಿ ನಿಂತು ಗಮನಿಸಿದವು, ವೈದ್ಯರನ್ನು ಪ್ರಶ್ನಿಸಿದವು. 14 ಆಸ್ಪತ್ರೆಗಳಲ್ಲಿ, ಬಂದ ಮಕ್ಕಳಲ್ಲಿ ಯಾರನ್ನು ಮೊದಲು ನೋಡಬೇಕು ಎಂದು ವಿಂಗಡಿಸುವ ಸರಿಯಾದ ವ್ಯವಸ್ಥೆಯೇ ಇರಲಿಲ್ಲ. ಜಿಲ್ಲಾ ಆಸ್ಪತ್ರೆಗಳ ಹೆಚ್ಚಿನ ವೈದ್ಯರಿಗೆ ಮಕ್ಕಳ ಮುಖ್ಯ ಕಾಯಿಲೆಗಳ ಚಿಕಿತ್ಸೆಯ ಬಗ್ಗೆ ಸಾಕಷ್ಟು ತಿಳಿವಳಿಕೆ ಇಲ್ಲವೆಂದು ಕಂಡುಬಂತು. ವಿಶ್ವ ಆರೋಗ್ಯ ಸಂಸ್ಥೆ ಆಸ್ಪತ್ರೆಯ ವೈದ್ಯರಿಗೆಂದೇ 2005ರಲ್ಲಿ ಕಿಸೆ ಪುಸ್ತಕವೊಂದನ್ನು ಹೊರತಂದಿತು. ಗೊರೋಕಾದ ದಾದಿಯ ಜೇಬಿನಲ್ಲಿ ಅಂಥ ಪುಸ್ತಕ ಅಷ್ಟು ಹೊತ್ತಿಗೆ ಹಳೆಯದಾಗಿತ್ತು.

ವೈದ್ಯರು ಸೋಮಾರಿಗಳೇ? ಹಾಗೆಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಬೆಳಿಗ್ಗೆ 9ರಿಂದ 1ರವರೆಗೆ 120 ಮಕ್ಕಳು ಬರುತ್ತಾರೆ ಎಂದು ಇಟ್ಟುಕೊಳ್ಳಿ. ಒಂದು ಮಗುವಿಗೆ ಸಿಗುವುದು ಎರಡು ನಿಮಿಷ. ಅದರಲ್ಲಿ ಪೂರ್ತಿ ಒಂದು ನಿಮಿಷವನ್ನು ಉಸಿರೆಣಿಸಲು ಕೊಡಬೇಕು. ಅದಕ್ಕೆ ಮೊದಲು ಸ್ವೆಟರು, ಅಂಗಿ, ಒಳ ಅಂಗಿಗಳನ್ನು ಎತ್ತಬೇಕು, ಮಗು ಸುಮ್ಮನಿರಬೇಕು. ವೈದ್ಯರು ಒಂದು ಜಾಣತನ ಮಾಡುತ್ತಾರೆ: 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು. ಗಣಿತದ ವಿದ್ಯಾರ್ಥಿಗಳಿಗೆ ಇದರ ಅಪಾಯ ಕೂಡಲೇ ಹೊಳೆಯಬೇಕು. 15 ಸೆಕೆಂಡಿನಲ್ಲಿ 12 ಉಸಿರೆಂದರೆ ನಿಮಿಷಕ್ಕೆ 48, ಮಗು ಕ್ಷೇಮ. 13 ಎಂದರೆ 52, ಮಗುವಿಗೆ ನ್ಯುಮೋನಿಯಾ. ಒಂದೇ ಒಂದು ಉಸಿರು ತಪ್ಪಿದರೆ ತೀರ್ಮಾನವೇ ತಲೆಕೆಳಗು. ಕೂಸುಗಳು ಗಡಿಯಾರದಂತೆ ಸಮನಾಗಿಯೂ ಉಸಿರಾಡುವುದಿಲ್ಲ. ನಡುವೆ ಕೆಲವು ಸೆಕೆಂಡು ನಿಲ್ಲಿಸಿ ಮತ್ತೆ ಬೇಗಬೇಗ ಎಳೆದುಕೊಳ್ಳುತ್ತವೆ. ಪೂರ್ತಿ ನಿಮಿಷ ಎಂದು ನಿಯಮದಲ್ಲಿ ಹೇಳಿರುವುದು ಇದಕ್ಕಾಗಿ.

ವೈದ್ಯರ ಆಕ್ಷೇಪಣೆಯಲ್ಲೂ ಹುರುಳಿಲ್ಲದೆ ಇಲ್ಲ. ವೇಗದ ಉಸಿರಿಗೆ ನ್ಯುಮೋನಿಯಾ ಒಂದೇ ಕಾರಣವಲ್ಲ. ಜೋರು ಜ್ವರವೂ ಉಸಿರನ್ನು ಏರಿಸುತ್ತದೆ. ದಮ್ಮು ಇರುವ ಮಗುವಿನ ಎಣಿಕೆ ಸುಲಭವಾಗಿ ಗೆರೆ ದಾಟುತ್ತದೆ, ಅದಕ್ಕೆ ಬೇಕಾದ್ದು ಶ್ವಾಸನಾಳ ಹಿಗ್ಗಿಸುವ ಔಷಧಿ, ಆಂಟಿಬಯಾಟಿಕ್ ಅಲ್ಲ. ಎಣಿಕೆಯನ್ನೇ ನಂಬಿದರೆ ಬೇಡದ ಮಕ್ಕಳಿಗೂ ಆಂಟಿಬಯಾಟಿಕ್ ಹೋಗುತ್ತದೆ ಎನ್ನುವುದು ನಿಜ. ಆದರೆ ನಡೆಯುವುದೇನು? ಎಣಿಸದ ವೈದ್ಯರು ಆಂಟಿಬಯಾಟಿಕ್ ಕೊಡದೆ ಇರುತ್ತಾರೆಯೇ? ಬರೀ ನೆಗಡಿ ಕೆಮ್ಮಿಗೂ ಅದನ್ನು ಬರೆಯುತ್ತಾರೆ, ಜೊತೆಗೊಂದು ಕೆಮ್ಮಿನ ಸಿರಪ್ಪು. ನೆಗಡಿ ಯಾವುದು, ನ್ಯುಮೋನಿಯಾ ಯಾವುದು ಎಂದು ಬೇರ್ಪಡಿಸಲು ಇರುವ ಅಗ್ಗದ ಜರಡಿಯೇ ಆ ಎಣಿಕೆ.

ನನಗೆ ತೋರುವ ಮುಖ್ಯ ಕಾರಣ ಬೇರೆ. ಈ ನಿಯಮ ಹುಟ್ಟಿದ್ದು ವೈದ್ಯರಿಲ್ಲದ ಕಡೆ, ವೈದ್ಯರಲ್ಲದವರಿಗಾಗಿ. ಆದ್ದರಿಂದಲೇ ಅದು ತಮಗಲ್ಲ ಎಂದು ವೈದ್ಯರು ಭಾವಿಸಿದರು. ವೈದ್ಯಕೀಯ ಕಾಲೇಜಿನಲ್ಲಿ ಕಲಿತದ್ದು ಕಿವಿಯಿಂದ ರೋಗ ಹಿಡಿಯುವ ವಿದ್ಯೆ. ಬಣ್ಣದ ಪಟ್ಟಿಗಳಿರುವ ಆರೋಗ್ಯ ಇಲಾಖೆಯ ಚಾರ್ಟು ದಾದಿಯ ಮೇಜಿನ ಮೇಲಿನ ವಸ್ತು. ಪಪುವಾ ನ್ಯೂಗಿನಿಯಲ್ಲಿ ಪುಸ್ತಕ ಒಂದೇ ಆಗಿತ್ತೆಂದು ಹೇಳಿದೆನಲ್ಲ, ಅದರ ಮಹತ್ವ ಇಲ್ಲಿದೆ.

ವೈದ್ಯರಿಗೆ ಏನು ಗೊತ್ತು ಎಂಬುದನ್ನು ಅಳೆಯುವುದು ಹೇಗೆ? ಪ್ರಶ್ನಪತ್ರಿಕೆ ಕೊಟ್ಟರೆ ಸಾಕೆಂದು ನಿಮಗೆ ಅನ್ನಿಸಬಹುದು, ನೀವು ಪರೀಕ್ಷೆಗಳ ನಡುವೆಯೇ ಇರುವವರು. ಆದರೆ ಪರೀಕ್ಷೆಯಲ್ಲಿ ಬರೆದದ್ದೇ ಬೇರೆ, ಬದುಕಿನಲ್ಲಿ ಮಾಡುವುದೇ ಬೇರೆ. ಬಿಹಾರದ ಹಳ್ಳಿಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಜಾಣ್ಮೆಯಿಂದ ಪರೀಕ್ಷಿಸಿತು. 340 ಚಿಕಿತ್ಸಕರಿಗೆ ಮೊದಲು ಕಾಲ್ಪನಿಕ ರೋಗಿಯೊಬ್ಬನ ವಿವರ ಹೇಳಿ ಏನು ಮಾಡುವಿರೆಂದು ಕೇಳಲಾಯಿತು. ಬೇರೊಂದು ದಿನ, ಮನೆಯಲ್ಲಿ ಮಗುವಿಗೆ ಹುಷಾರಿಲ್ಲವೆಂದು ಹೇಳಿಕೊಂಡು ತರಬೇತಿ ಪಡೆದ ನಟರು ಪೋಷಕರ ವೇಷದಲ್ಲಿ ಅವರ ಬಳಿ ಹೋದರು. ಬಾಯಲ್ಲಿ ಹೇಳಿದ್ದೇ ಕಡಿಮೆ. ಮಾಡಿದ್ದು ಅದಕ್ಕಿಂತಲೂ ಕಡಿಮೆ. ಆ ಚಿಕಿತ್ಸಕರಲ್ಲಿ ಸುಮಾರು ಐದರಲ್ಲಿ ನಾಲ್ವರಿಗೆ ವೈದ್ಯಕೀಯ ಪದವಿಯೇ ಇರಲಿಲ್ಲ ಎಂಬುದನ್ನೂ ಹೇಳಬೇಕು. ಮಗುವೇ ಎದುರಿಗಿಲ್ಲದಿದ್ದಾಗ ಉಸಿರೆಣಿಸುವ ಮಾತೂ ಇರಲಿಲ್ಲ. ಮಗುವನ್ನು ಕರೆತನ್ನಿ ಎನ್ನಬಹುದಿತ್ತು, ಉಸಿರಾಟ ಹೇಗಿದೆ ಎಂದು ವಿಚಾರಿಸಬಹುದಿತ್ತು. ಆದರೂ ಅರಿವು ಬೇರೆ, ಆಚರಣೆ ಬೇರೆ ಎಂಬುದು ಅಲ್ಲಿ ಅಂಕಿಗಳಲ್ಲೇ ಸಿಕ್ಕಿತು.

ಇನ್ನೊಂದು ತೊಡಕಿದೆ. ಮಾರ್ಗಸೂಚಿ ಎಂದರೆ ಕಲ್ಲಿನ ಶಾಸನವಲ್ಲ. ಪಾಕಿಸ್ತಾನದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಎದೆ ಒಳಕ್ಕೆ ಸೆಳೆಯುತ್ತಿದ್ದ 2,037 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಆಸ್ಪತ್ರೆಯಲ್ಲಿ ಚುಚ್ಚುಮದ್ದು, ಉಳಿದವರಿಗೆ ಮನೆಯಲ್ಲೇ ಬಾಯಿಗೆ ಅಮಾಕ್ಸಿಸಿಲಿನ್ ಕೊಡಲಾಯಿತು. ಮನೆಯ ಚಿಕಿತ್ಸೆ ಆಸ್ಪತ್ರೆಯದಕ್ಕಿಂತ ಕಳಪೆಯಾಗಲಿಲ್ಲ. ಇಂಥ ಪ್ರಯೋಗಗಳ ಫಲವಾಗಿ 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಿಯಮವನ್ನೇ ಬದಲಿಸಿತು. ಎರಡು ತಿಂಗಳು ತುಂಬಿದ ಮಗುವಿಗೆ ಎದೆ ಸೆಳೆತವಿದ್ದರೂ ಅಪಾಯದ ಚಿಹ್ನೆಗಳಿಲ್ಲದಿದ್ದರೆ ಮನೆಯಲ್ಲೇ ಅಮಾಕ್ಸಿಸಿಲಿನ್ ಸಾಕು. ಹಾಲು ನೀರು ಕುಡಿಯಲಾರದಿರುವುದು, ಕುಡಿದದ್ದನ್ನೆಲ್ಲ ವಾಂತಿ ಮಾಡುವುದು, ಫಿಟ್ಸ್ ಬರುವುದು, ಎಬ್ಬಿಸಿದರೂ ಏಳದ ಮಂಪರು: ಇವು ಅಪಾಯದ ಚಿಹ್ನೆಗಳು, ಇವಿದ್ದರೆ ತಡಮಾಡದೆ ಆಸ್ಪತ್ರೆ. ಕೋಟ್ರೈಮಾಕ್ಸಜೋಲ್‌ನ ಸ್ಥಾನವನ್ನು ಅಮಾಕ್ಸಿಸಿಲಿನ್ ಪಡೆಯಿತು. ಈಗ ಯೋಚಿಸಿ: 1995ರಲ್ಲಿ ತೇರ್ಗಡೆಯಾದ ವೈದ್ಯರು ಅಂದಿನ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರೂ ಇಂದು ಅವರು ಹಿಂದೆ ಬಿದ್ದವರು. ಹೊಸ ನಿಯಮವನ್ನು ಅವರಿಗೆ ತಿಳಿಸುವವರು ಯಾರು? ಸರ್ಕಾರಿ ವೈದ್ಯರಿಗಾದರೆ ಸುತ್ತೋಲೆ ಬರುತ್ತದೆ, ತರಬೇತಿಗೆ ಕರೆಯುತ್ತಾರೆ. ಓಣಿಯ ಖಾಸಗಿ ಕ್ಲಿನಿಕ್ಕಿನ ವೈದ್ಯರ ಬಾಗಿಲಿಗೆ ತಪ್ಪದೆ ಬರುವವರೆಂದರೆ ಔಷಧಿ ಕಂಪನಿಯ ಪ್ರತಿನಿಧಿ. ಅವರ ಚೀಲದಲ್ಲಿ ಇರುವುದು ಹೊಸ, ದುಬಾರಿ ಔಷಧಿಯ ಚೀಟಿ. ಹಳೆಯ ಅಗ್ಗದ ಅಮಾಕ್ಸಿಸಿಲಿನ್ನನ್ನು ಯಾರು ತಾನೇ ಹೊತ್ತು ತಿರುಗುತ್ತಾರೆ?

ಭಾರತ ಸರ್ಕಾರ 2019ರ ನವೆಂಬರಿನಲ್ಲಿ ಆರಂಭಿಸಿದ ಅಭಿಯಾನದ ಹೆಸರು 'ಸಾನ್ಸ್'. ಹಿಂದಿಯಲ್ಲಿ ಉಸಿರು ಎಂದು ಇದರ ಅರ್ಥ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಅಳೆಯುವ ಪಲ್ಸ್ ಆಕ್ಸಿಮೀಟರಿಗೆ ಇದರಲ್ಲಿ ಸ್ಥಾನವಿದೆ. ಆ ಸಾಧನದ ಪರಿಚಯ ಕೋವಿಡ್ ಕಾಲದಲ್ಲಿ ನಿಮಗೆಲ್ಲ ಆಗಿದೆ. ಉಸಿರನ್ನು ತಾನಾಗಿಯೇ ಎಣಿಸುವ ಯಂತ್ರಗಳ ಪರೀಕ್ಷೆಯನ್ನು ಯುನಿಸೆಫ್ ಹಲವು ದೇಶಗಳಲ್ಲಿ ನಡೆಸಿದೆ. ಮಗುವಿನ ಹೊಟ್ಟೆಗೆ ಕಟ್ಟುವ ಪಟ್ಟಿಯೊಂದು ಅದರ ಏರಿಳಿತವನ್ನು ಗ್ರಹಿಸಿ ಸಂಖ್ಯೆ ತೋರಿಸುತ್ತದೆ. ಎಣಿಕೆ ತಪ್ಪುವ ಭಯವಿಲ್ಲ, ಗುಣಾಕಾರದ ಗೊಡವೆಯಿಲ್ಲ. ಆದರೆ ಆ ಯಂತ್ರವನ್ನು ಕಟ್ಟುವುದಕ್ಕೂ ಮಗುವಿನ ಅಂಗಿಯನ್ನು ಎತ್ತಲೇಬೇಕು, ತಾಯಿಯ ಮಡಿಲಲ್ಲಿ ಅದು ಸಮಾಧಾನಗೊಳ್ಳುವವರೆಗೆ ಕಾಯಲೇಬೇಕು. ನಡುವೆ ಮಗು ಅತ್ತರೆ ಎಣಿಕೆ ಮತ್ತೆ ಮೊದಲಿನಿಂದ.